ಆರೂಕಾಲು ಗಂಟೆಯ ಸಾವು

ಜನವರಿ 7, 2025. ಮಂಗಳವಾರ. ಬೂಕನಕೆರೆ

ಪಕ್ಕದ ಮನೆಯ ಚಿಕ್ಕಸ್ವಾಮಿ ಸತ್ತ. ನಲವತ್ತೆರಡು ವರ್ಷ. ಹೈಸ್ಕೂಲಿನ ಮೂರೂ ವರ್ಷ ನನ್ನ ಕೈಕೆಳಗೆ ಓದಿದವನು. ಗಣಿತದಲ್ಲಿ ದಡ್ಡ, ಕೈಬರಹ ಮಾತ್ರ ಮುತ್ತಿನಂಥದು.

ನಾಲ್ಕೂಕಾಲಿಗೆ ಅವನ ಮಗಳು ತನುಶ್ರೀ ಕಿರುಚಿದ್ದು ಕೇಳಿ ಅವರ ಕೊಟ್ಟಿಗೆಗೆ ಓಡಿದೆ. ಮೇವು ಕತ್ತರಿಸುವ ಮೋಟಾರಿನ ಮೇಲೆ ಬೋರಲು ಬಿದ್ದಿದ್ದ. ನೆಲದಲ್ಲಿ ಗಂಜಲ, ಕಾಲಲ್ಲಿ ಚಪ್ಪಲಿಯಿಲ್ಲ. ನನ್ನ ಹಿಂದೆಯೇ ಬಂದ ಎದುರುಮನೆ ಕುಳ್ಳಯ್ಯ ಅವನ ಭುಜ ಹಿಡಿದೆಳೆಯಲು ಹೋಗಿ, ಯಾರೋ ಒದ್ದವರಂತೆ ಹಿಂದಕ್ಕೆ ಬಿದ್ದ.

“ಕರೆಂಟೈತೆ ಮೇಷ್ಟ್ರೇ, ಮುಟ್ಬ್ಯಾಡಿ.”

ಒಣ ಬಿದಿರ ಗಳದಿಂದ ವೈರನ್ನು ಎಳೆದು ಬೇರೆ ಮಾಡಿದವನು ನಾನು. ಅರವತ್ತೊಂಬತ್ತರ ವಯಸ್ಸು, ಅಂಗೈ ತರಚಿದರೂ ಗಳ ಬಿಡಲಿಲ್ಲ. ಆದರೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಹೆಂಡತಿ ಶ್ವೇತ ಕೆರೆ ಕಡೆಯಿಂದ ಹುಲ್ಲಿನ ಹೊರೆ ಹೊತ್ತು ಬಂದಳು. ಹೊರೆ ಇಳಿಸಬೇಕೆಂಬುದು ಅವಳಿಗೆ ತೋಚಲಿಲ್ಲ. ತಲೆಯ ಮೇಲೆ ಹೊತ್ತುಕೊಂಡೇ ನಿಂತಿದ್ದಳು, ಯಾರೋ ತೆಗೆದು ಕೆಳಗಿಟ್ಟರು.

ಹೆಣವನ್ನು ಜಗಲಿಗೆ ತಂದ ಮೇಲೆ ಅವನ ತಾಯಿ ಪುಟ್ಟತಾಯಮ್ಮ ನನ್ನ ಕಡೆ ತಿರುಗಿ, “ನಕ್ಷತ್ರ ನೋಡಿ ಮೇಷ್ಟ್ರೇ” ಎಂದಳು.

ನಾನು ಪಂಚಾಂಗ ನಂಬುವವನಲ್ಲ. ಪಂಚಕ ನಕ್ಷತ್ರದಲ್ಲಿ ಸತ್ತರೆ ಮನೆಗೆ ಬೀಗ ಹಾಕಿ, ಬಾಗಿಲಿಗೆ ಮುಳ್ಳು ಕಟ್ಟಿ, ತಿಂಗಳುಗಟ್ಟಲೆ ಊರಾಚೆ ಇರಬೇಕೆಂಬ ಈ ಮೌಢ್ಯದ ವಿರುದ್ಧ 1988ರಲ್ಲೇ ಪತ್ರಿಕೆಗೆ ಬರೆದವನು. ಆ ತುಣುಕು ಇವತ್ತಿಗೂ ನನ್ನ ಹತ್ತಿರ ಇದೆ. ಆದರೂ ಮನೆಯಲ್ಲಿ ಪಂಚಾಂಗ ಇಟ್ಟಿದ್ದೇನೆ, ಜನ ಕೇಳುತ್ತಾರೆ. ನೋಡಿದೆ. ರೇವತಿ, ಸಂಜೆ 5.50ರವರೆಗೆ. ಪಂಚಕದ ಕೊನೆಯದು. ಆಮೇಲೆ ಅಶ್ವಿನಿ, ತೊಂದರೆಯಿಲ್ಲ.

“ಮೂರು ತಿಂಗಳು ಬಿಡಬೇಕು” ಎಂದೆ.

ಮುದುಕಿ ಹಣೆ ಚಚ್ಚಿಕೊಂಡಳು. “ನಾಕು ಸೀಮೆಹಸ ಕಟ್ಕೊಂಡು ಎಲ್ಲಿಗೋಗನ? ಮಗೀಗೆ ಪರೀಕ್ಷೆ ಬ್ಯಾರೆ.”

ಕೇರಿಯವರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿದ್ದರು. ಪಂಚಕ ಒಂದು ಹೆಣಕ್ಕೆ ಸುಮ್ಮನಾಗುವುದಿಲ್ಲ, ಐದು ತಗೊಳ್ಳುತ್ತದೆ ಎಂಬ ಭಯ. ಇದನ್ನು ಕಂಡು ನನಗೆ ಸಿಟ್ಟು ಬಂತು. ಹೇಳಿದೆ: “ಆರೂಕಾಲಿಗೆ ಹೋದ ಅನ್ನಿ. ಅಶ್ವಿನಿಯಲ್ಲಿ. ಎಲ್ಲರೂ ಒಂದೇ ಮಾತು ಹೇಳಬೇಕು.”

ಕುಳ್ಳಯ್ಯ ತಲೆಯಾಡಿಸಿದ. “ಮೇಷ್ಟ್ರು ಯೋಳುದ್ಮೇಲೆ ಆಯ್ತು ಬುಡಿ.”

ಶ್ವೇತ ಒಬ್ಬಳೇ ಪ್ರಶ್ನೆ ಕೇಳಿದಳು. “ಪೊಲೀಸ್ನೋರ್ಗೂ ಅಂಗೇ ಯೋಳದಾ?”

“ಎರಡು ಗಂಟೆ ಆಚೀಚೆ ಆದರೆ ಸರ್ಕಾರಕ್ಕೇನಮ್ಮ ನಷ್ಟ?”

ಕರೆಂಟು 4.50ಕ್ಕೆ ಹೋದದ್ದು, ಈಗ ಎಂಟು ಗಂಟೆ, ಇನ್ನೂ ಬಂದಿಲ್ಲ. ಮೇಣದಬತ್ತಿಯಲ್ಲಿ ಬರೆಯುತ್ತಿದ್ದೇನೆ. ಒಬ್ಬನನ್ನು ಕೊಂದು, ಅರ್ಧ ಗಂಟೆ ಬಿಟ್ಟು ಹೋಗಿದೆ. ಮೊದಲೇ ಹೋಗಬಾರದಾಗಿತ್ತೆ?

ಜನವರಿ 8, ಬುಧವಾರ

ದೂರು ನಾನೇ ಬರೆದುಕೊಟ್ಟೆ. “ಸಂಜೆ ಸುಮಾರು ಆರೂಕಾಲು ಗಂಟೆಗೆ ಮೇವು ಕತ್ತರಿಸುವಾಗ ವಿದ್ಯುತ್ ತಗುಲಿ…” ಕೆಳಗೆ ಶ್ವೇತಳ ಸಹಿ. ಠಾಣೆಯ ಬರಹಗಾರ ಓದಿ, “ಒಂದು ಅಕ್ಷರ ತಪ್ಪಿಲ್ಲವಲ್ಲ ಸಾರ್” ಎಂದ. ಮೂವತ್ತಾರು ವರ್ಷ ಕನ್ನಡ ಕಲಿಸಿದ್ದೇನೆ.

ಕೆ.ಆರ್. ಪೇಟೆಯಲ್ಲಿ ಮರಣೋತ್ತರ ಪರೀಕ್ಷೆ ಮುಗಿದು, ಮಧ್ಯಾಹ್ನ ಅವರ ಹೊಲದಲ್ಲೇ ಮಣ್ಣು ಮಾಡಿದರು. ಬಲ ಅಂಗೈಯಲ್ಲಿ ಸುಟ್ಟ ಗುರುತು ಕಂಡಿತು.

ಜನವರಿ 17, ಶುಕ್ರವಾರ

ಹನ್ನೊಂದನೆಯ ದಿನದ ತಿಥಿ. ಊಟವಾದ ಮೇಲೆ ತನುಶ್ರೀ ಒಂದು ಪ್ಲಾಸ್ಟಿಕ್ ಕವರ್ ತಂದಳು. ಹದಿನಾಲ್ಕು ತಿಂಗಳ ಹಿಂದೆ ಮಾಡಿಸಿದ ವಿಮೆ, ಇಪ್ಪತ್ತೈದು ಲಕ್ಷ. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿಕೊಂಡಿದ್ದವನಿಗೆ ಇಷ್ಟು ಮುಂದಾಲೋಚನೆ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ.

“ಅಪ್ಪ ನನ್ನ ನರ್ಸಿಂಗ್ ಓದಿಗೆ ಅಂತ ಕಟ್ತಿತ್ತು ತಾತ” ಎಂದಳು ಹುಡುಗಿ.

ಅರ್ಜಿ ನಾನೇ ತುಂಬಿದೆ. ಸಾವಿನ ಸಮಯ ಎಂಬ ಕಡೆ 6.15 ಎಂದು ಬರೆದೆ. ಇಂಥ ಕಂಪನಿಗಳು ಕಟ್ಟಿಸಿಕೊಳ್ಳುವಾಗ ಮನೆಬಾಗಿಲಿಗೆ ಬರುತ್ತವೆ, ಕೊಡುವಾಗ ಆಕಾಶಕ್ಕೆ ಏರುತ್ತವೆ. ಬಿಡುವುದಿಲ್ಲ. ಬಡವರ ಪರವಾಗಿ ಪೆನ್ನು ಹಿಡಿದವನು ಈ ಊರಿನಲ್ಲಿ ನಾನೊಬ್ಬನೇ.

ಫೆಬ್ರವರಿ 18, ಮಂಗಳವಾರ

ವಿಮಾ ಕಂಪನಿ ಕಳಿಸಿದ ತನಿಖೆಯ ಹುಡುಗ ಬಂದಿದ್ದ. ನಾಗಾರ್ಜುನ ಎಂದು ಹೆಸರು, ಮೈಸೂರಿನವನು. ಮೂರು ವರ್ಷದೊಳಗಿನ ಪಾಲಿಸಿ ಆದ್ದರಿಂದ ವಿಚಾರಣೆ ಇದ್ದೇ ಇರುತ್ತದಂತೆ. ನನ್ನ ಪುಸ್ತಕಗಳ ಕಪಾಟು ನೋಡಿ ಬೆರಗಾದ. ಈ ಭಾಗದಲ್ಲಿ 1974ರಿಂದ ಈಚೆಗೆ ನಡೆದ ಅನುಮಾನದ ಸಾವುಗಳನ್ನು ತಾರೀಖಿನೊಂದಿಗೆ ಹೇಳಿದೆ. ಗೋವಿಂದನಹಳ್ಳಿಯ ಬಾವಿ, ಪಾಂಡವಪುರದ ನಾಲೆ, ಎಲ್ಲ. ಅವನು ಬರೆದುಕೊಳ್ಳುವುದನ್ನು ನಿಲ್ಲಿಸಿ ಸುಮ್ಮನೆ ಕೇಳುತ್ತ ಕುಳಿತ.

“ಸಾರ್, ನಿಮ್ಮಂಥ ಸಾಕ್ಷಿ ಊರಿಗೊಬ್ಬರಿದ್ದರೆ ನಮ್ಮ ಕೆಲಸ ಅರ್ಧ ಹಗುರ.”

ಸಭ್ಯ ಹುಡುಗ.

ಮಾರ್ಚ್ 4, ಮಂಗಳವಾರ

ನಾಗಾರ್ಜುನ ಮತ್ತೆ ಬಂದ. ಈ ಸಲ ವಿದ್ಯುತ್ ಕೇಂದ್ರದ ದಾಖಲೆಯ ಒಂದು ನಕಲು ತಂದಿದ್ದ. ಜನವರಿ ಏಳರಂದು ನಮ್ಮ ಲೈನಿನಲ್ಲಿ ಕೆಲಸವಿತ್ತು. ಸಂಜೆ 4.50ರಿಂದ 8.20ರವರೆಗೆ ಕರೆಂಟು ಇರಲಿಲ್ಲ.

“ಆರೂಕಾಲಿಗೆ ಕರೆಂಟೇ ಇಲ್ಲ ಸಾರ್. ಮನುಷ್ಯ ಕರೆಂಟಿಂದ ಹೆಂಗೆ ಸತ್ತ?”

ನಾನು ಆ ನಕಲನ್ನು ಇನ್ನೊಮ್ಮೆ ಓದಿದೆ.

“ಕೈ ಸುಟ್ಟಿದೆ, ಸರಿ. ಹಾಗಿದ್ರೆ ಬೇರೆ ಯಾವಾಗಲೋ ಸುಟ್ಟಿದೆ. ಯಾರೋ ಸುಟ್ಟಿದ್ದಾರೆ. ಆಮೇಲೆ ಟೈಮ್ ಬದಲಾಯಿಸಿದ್ದಾರೆ. ಯಾಕೆ?”

ಚಹಾ ಕೊಟ್ಟು ಕಳಿಸಿದೆ. ಹೇಳಬೇಕು. ಸಣ್ಣ ವಿಷಯ, ಒಂದೇ ವಾಕ್ಯ. ಸಮಯ ನೋಡಿ ಹೇಳಿದರಾಯಿತು.

ಮಾರ್ಚ್ 5, ಬುಧವಾರ

ಬೆಳಗ್ಗೆ ಶ್ವೇತ ಬಂದಳು. ಒಳಗೆ ಕೂರು ಎಂದರೂ ಹೊಸ್ತಿಲಲ್ಲೇ ನಿಂತಳು.

“ನಿಜ ಯೋಳ್ದೆ ಮೇಷ್ಟ್ರೇ. ಪಂಚಕ ಅಂತ ಟೈಮ್ ಬದಲಾಯಿಸ್ದೋ ಅಂದೆ. ಇನ್ಸೂರೆನ್ಸ್ ಆಯಪ್ಪ ನಂಬ್ನಿಲ್ಲ. ನಮ್ಮತ್ತೇನ ಕೇಳುದ್ರೆ, ನನ್ ಮಗ ಒಳ್ಳೆ ನಕ್ಷತ್ರದಲ್ಲೇ ಒಂಟೋದ ಅಂತದೆ. ಕುಳ್ಳಯ್ಯಣ್ಣ, ಮೇಷ್ಟ್ರ ಕೇಳಿ ಅಂತದೆ. ನೀವೊಂದ್ ಮಾತು ಯೋಳ್ಬುಡಿ.”

“ಹೇಳೋಣ. ಮಗು ಪರೀಕ್ಷೆ ಮುಗೀಲಿ. ಈಗ ಕೆದಕಿದರೆ ಅವಳ ಮನಸ್ಸು ಕೆಡುತ್ತೆ.”

“ಆಗ್ಲಿ” ಎಂದಳು. ಕೈಮುಗಿದು ಹೋದಳು.

ಯೋಚಿಸಬೇಕಾದ ವಿಷಯಗಳಿವೆ. ದೂರಿನಲ್ಲಿರುವ ಅಕ್ಷರ ನನ್ನದು. ಸುಳ್ಳು ದೂರು ಬರೆದುಕೊಟ್ಟವನಿಗೆ ಶಿಕ್ಷೆಯಿದೆ ಎಂದು ಎಲ್ಲೋ ಓದಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಪಂಚಕ ನೋಡಿ ಸಾವಿನ ಹೊತ್ತು ತಿದ್ದಿದ ಎಂಬ ಮಾತು ನನ್ನಂಥವನ ಮೇಲೆ! ಜನ ನಗುತ್ತಾರೆ.

ಮಾರ್ಚ್ 23, ಭಾನುವಾರ

ಒಳ್ಳೆಯ ಸುದ್ದಿ. ನವೆಂಬರಿನಲ್ಲಿ ನಮ್ಮ ಶಾಲೆಯ ಮೈದಾನದಲ್ಲಿ ಹೋಬಳಿ ಸಾಹಿತ್ಯ ಸಮ್ಮೇಳನ. ಅಧ್ಯಕ್ಷತೆಗೆ ನನ್ನ ಹೆಸರು ಒಮ್ಮತದಿಂದ ಬಂತಂತೆ. ಎತ್ತಿನ ಗಾಡಿಯಲ್ಲಿ ಮೆರವಣಿಗೆ. ನಲವತ್ತು ವರ್ಷ ಬರೆದದ್ದಕ್ಕೆ ಈಗ ಕಣ್ಣು ಬಿಟ್ಟರು. ಭಾಷಣಕ್ಕೆ “ನಾಗರಿಕನ ಆತ್ಮಸಾಕ್ಷಿ” ಎಂಬ ವಿಷಯ ಹೊಳೆದಿದೆ.

ಏಪ್ರಿಲ್ 9, ಬುಧವಾರ

ತನುಶ್ರೀ ಪಿಯುಸಿ ಪಾಸಾಗಿದ್ದಾಳೆ, ಪ್ರಥಮ ದರ್ಜೆ. ಸಿಹಿ ತಂದು ಕೊಟ್ಟಳು. ಅವಳ ತಾಯಿ ಗೇಟಿನ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ಕೇಳದೆ ನಿಲ್ಲುವವರ ರೀತಿಯೇ ಬೇರೆ, ಮನುಷ್ಯನಿಗೆ ಇರಿಸುಮುರಿಸು.

ಒಂದು ವಿಷಯ. ಅವತ್ತು ಗಂಡನ ಹೆಣ ಕಂಡು ಅವಳು ಅಳಲಿಲ್ಲ. ಹೊರೆ ಹೊತ್ತುಕೊಂಡು ಸುಮ್ಮನೆ ನಿಂತಿದ್ದಳು. ಎಷ್ಟು ಹೆಂಗಸರು ಹಾಗೆ ನಿಲ್ಲುತ್ತಾರೆ?

ಏಪ್ರಿಲ್ 16, ಬುಧವಾರ

ಹಳೆಯ ಪತ್ರಿಕಾ ತುಣುಕುಗಳನ್ನು ತೆಗೆದು ನೋಡುತ್ತಿದ್ದೆ. ಸಿಕ್ಕಿತು. 1991, ನಾಗಮಂಗಲ. ಶ್ವೇತಳ ತವರು ಆ ಕಡೆ. ಅವಳ ಸೋದರತ್ತೆ ಮಾಯಮ್ಮ ಎಂಬವಳ ಗಂಡ ಬೆಳೆಗೆ ಹೊಡೆಯುವ ಔಷಧಿ ಕುಡಿದು ಸತ್ತ. ಕುಡಿದನೋ ಕುಡಿಸಿದರೋ ಎಂದು ಆಗ ಮಾತಿತ್ತು. ಕೇಸು ನಿಲ್ಲಲಿಲ್ಲ. ನಿಲ್ಲಲಿಲ್ಲ ಎಂದರೆ ನಡೆದಿಲ್ಲ ಎಂದು ಅರ್ಥವಲ್ಲ.

ಪಾಲಿಸಿಗೂ ಸಾವಿಗೂ ಹದಿನಾಲ್ಕೇ ತಿಂಗಳು ಅಂತರ. ಇದನ್ನು ನಾನು ಜನವರಿಯಲ್ಲಿ ಗಮನಿಸಬೇಕಾಗಿತ್ತು. ಆ ಮೋಟಾರಿನ ವೈರು ಯಾವಾಗ ಕಿತ್ತುಹೋಯಿತು? ಗಂಡ ಬರಿಗಾಲಲ್ಲಿ ಹೋಗುತ್ತಾನೆಂದು ಯಾರಿಗೆ ಗೊತ್ತಿತ್ತು? ನಾನು ಓಡಿಹೋದಾಗ ಅವಳು ಮನೆಯಲ್ಲಿರಲಿಲ್ಲ. ಇರದಿದ್ದದ್ದು ಎಷ್ಟು ಅನುಕೂಲ.

ನಾಗಾರ್ಜುನನಿಗೆ ಫೋನ್ ಮಾಡಿ 1991ರದ್ದನ್ನು ಹೇಳಿದೆ, ತಾರೀಖು ಸಮೇತ. ತೀರ್ಮಾನ ಅವನಿಗೆ ಬಿಟ್ಟದ್ದು. ಮಾಹಿತಿ ಮುಚ್ಚಿಡುವುದು ನನ್ನ ಸ್ವಭಾವವಲ್ಲ.

ಮೇ 12, ಸೋಮವಾರ

ಕಂಪನಿಯಿಂದ ಕಾಗದ ಬಂತು. ಸಾವಿನ ಸಮಯ ಸುಳ್ಳು, ಸಂದರ್ಭ ಅನುಮಾನಾಸ್ಪದ, ವಿಮೆಯ ಹಣ ಕೊಡುವುದಿಲ್ಲ. ಕಾಗದದ ಒಂದು ಪ್ರತಿ ಪೊಲೀಸರಿಗೂ ಹೋಗಿದೆ.

ಇಂಗ್ಲಿಷಿನಲ್ಲಿತ್ತು. ಶ್ವೇತ ನನ್ನ ಹತ್ತಿರವೇ ತಂದಳು ಓದಿಸಲು. ಓದಿ ಹೇಳಿದೆ. “ಕುಟುಂಬದ ಹಿನ್ನೆಲೆ” ಎಂಬಲ್ಲಿ ಒಂದು ಕ್ಷಣ ನಿಂತೆ, ಆಮೇಲೆ ಅದನ್ನೂ ಓದಿದೆ.

“ನಮ್ಮತ್ತೆ ಮಾಯಮ್ಮನ ಇಸ್ಯ ಅವರ್ಗೆಂಗೆ ಗೊತ್ತಾಯ್ತು?” ಎಂದಳು.

“ಅವರ ಹತ್ತಿರ ಎಲ್ಲ ದಾಖಲೆ ಇರುತ್ತಮ್ಮ.”

ಕಾಗದ ಮಡಿಸಿದಳು. ನಾಲ್ಕಾಗಿ, ಎಂಟಾಗಿ, ಇನ್ನು ಮಡಿಸಲು ಬಾರದಷ್ಟು.

ಮೇ 21, ಬುಧವಾರ

ಕುಳ್ಳಯ್ಯ ಸಂಜೆ ಬಂದು ಜಗಲಿಯಲ್ಲಿ ಕುಳಿತ. ಬೀಡಿ ಹಚ್ಚಿದ, ಸೇದಲಿಲ್ಲ.

“ಊರೆಲ್ಲಾ ಅದೇ ಮಾತು ಮೇಷ್ಟ್ರೇ. ಗಂಡನ್ನ ತಿಂದ್ಕೊಂಡೋಳು ಅಂತಾವ್ರೆ. ಡೇರಿಲಿ ಅವಳು ತಂದ ಹಾಲನ್ನ ಹಿಂದಕ್ಕೆ ಕಳ್ಸವ್ರೆ.”

“ಜನದ ಬಾಯಿ.”

“ನಂಗೆ ಕರೆಂಟ್ ಒಡೀತಲ್ವರಾ ಅವತ್ತು? ಎರಡು ದಿನ ಕೈ ಎತ್ತಕಾಗ್ನಿಲ್ಲ. ಕರೆಂಟ್ ಇರ್ನಿಲ್ಲ ಅಂದ್ರೆ ನಂಗೆ ಒಡೆದಿದ್ದು ಏನು?”

“ನೀನು ಆವತ್ತು ಎಷ್ಟು ಕುಡಿದಿದ್ದೆ ಕುಳ್ಳಯ್ಯ?”

ಅವನು ಬಗ್ಗಿ ಬೀಡಿಯನ್ನು ನೆಲಕ್ಕೆ ಒತ್ತಿದ.

“ಕುಡ್ದಿರ್ಬೋದು” ಎಂದ. “ನೀವು ಅಂದ್ಮೇಲೆ ಕುಡ್ದಿರ್ಬೋದು.”

ಜೂನ್ 9, ಸೋಮವಾರ

ಪೊಲೀಸರು ಶ್ವೇತಳನ್ನು ನಾಲ್ಕನೆಯ ಸಲ ಕರೆಸಿದ್ದಾರೆ. ಬೆಳಗ್ಗೆ ಹೋದರೆ ಸಂಜೆ ಬರುತ್ತಾಳೆ. ನನಗೂ ಹೇಳಿಕೆ ಕೊಡಲು ಬರಹೇಳಿದ್ದಾರೆ, 27ಕ್ಕೆ.

ಮಧ್ಯಾಹ್ನ ತನುಶ್ರೀ ಒಬ್ಬಳೇ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮೇಜಿನ ಎದುರು ನಿಂತಳು.

“ತಾತ, ನೀವು ದಿನಾ ಬರೀತೀರ. ಅಪ್ಪ ಸತ್ತ ದಿನವೂ ಬರ್ದಿರ್ತೀರ. ಆ ಹಾಳೆ ಒಂದು ಕೊಡಿ, ಸಾಕು.”

“ಅದಕ್ಕೆ ಗೆದ್ದಲು ಹತ್ತಿತ್ತು ಮಗು. ಜನವರಿಯದ್ದನ್ನೆಲ್ಲ ಸುಟ್ಟುಬಿಟ್ಟೆ.”

ಮೇಜಿನ ಮೇಲಿದ್ದ ಈ ಪುಸ್ತಕವನ್ನು ನೋಡಿದಳು. ರಟ್ಟಿನ ಮೇಲೆ 2025 ಎಂದು ದೊಡ್ಡದಾಗಿ ಅಚ್ಚಾಗಿದೆ.

“ಒಂದೇ ಪುಸ್ತಕ ಅಲ್ವಾ ತಾತ? ಗೆದ್ದಲು ಜನವರಿ ಮಾತ್ರ ತಿಂತಾ?”

ನಾನು ಪುಸ್ತಕದ ಮೇಲೆ ಕೈಯಿಟ್ಟೆ. ಅವಳು ಕಿತ್ತುಕೊಳ್ಳಲು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಬೈದು ಅಟ್ಟಬಹುದಿತ್ತು.

“ಅಪ್ಪ ನಿಮ್ಮ ತರ ಬರೀಬೇಕು ಅಂತ ನಂಗೆ ದಿನಾ ಕಾಪಿ ಬರೆಸ್ತಿತ್ತು” ಎಂದಷ್ಟೇ ಹೇಳಿ ಹೋದಳು.

ಹೆಣ್ಣುಮಗುವಿಗೆ ಇಂಥ ನಾಲಗೆ ಒಳ್ಳೆಯದಲ್ಲ. ತಾಯಿಯದೇ ಗುಣ. ಇಂದಿನಿಂದ ಪುಸ್ತಕ ಟ್ರಂಕಿನಲ್ಲಿರುತ್ತದೆ.

ಜೂನ್ 27, ಶುಕ್ರವಾರ

ಹೇಳಿಕೆ ಕೊಟ್ಟು ಬಂದೆ. ಇನ್‌ಸ್ಪೆಕ್ಟರ್ ಕುರ್ಚಿ ಹಾಕಿಸಿ ಗೌರವದಿಂದ ನಡೆದುಕೊಂಡರು. ಶ್ವೇತ ಗೋಡೆ ಪಕ್ಕದ ಬೆಂಚಿನ ಮೇಲಿದ್ದಳು.

“ಈಯಮ್ಮ ಹೇಳೋ ಪ್ರಕಾರ ಸಾವಾಗಿದ್ದು ನಾಲ್ಕೂಕಾಲಿಗೆ. ನೀವೇ ವೈರ್ ಬಿಡಿಸಿದ್ದು, ಪಂಚಾಂಗ ನೋಡಿ ಟೈಮ್ ಬದಲಾಯಿಸಿ ಅಂದಿದ್ದೂ ನೀವೇ ಅಂತೆ. ಹೌದಾ ಮೇಷ್ಟ್ರೇ?”

“ನಾನು ಪಂಚಾಂಗ ನಂಬುವವನಲ್ಲ” ಎಂದೆ. 1988ರ ತುಣುಕು ಜೇಬಿನಲ್ಲಿತ್ತು, ತೋರಿಸಿದೆ.

“ಸಮಯ?”

“ನಾನು ಹೋದಾಗ ಕತ್ತಲಾಗಿತ್ತು. ಎಷ್ಟು ಗಂಟೆ ಎಂಬುದು ನೆನಪಿಲ್ಲ. ವಯಸ್ಸಾಯಿತು. ಅವರು ಹೇಳಿದ್ದನ್ನು ದೂರಿನಲ್ಲಿ ಬರೆದುಕೊಟ್ಟೆ, ಅಷ್ಟೆ.”

 ಹೊರಗೆ ಬರುವಾಗ ಶ್ವೇತಳ ಮುಂದೆಯೇ ಹಾದು ಬರಬೇಕಾಯಿತು.

“ಮೇಷ್ಟ್ರೇ” ಎಂದಳು. ಗಟ್ಟಿಯಾಗಲ್ಲ. “ಗಳ ಇಡ್ಕೊಂಡಾಗ ನಿಮ್ ಕೈ ತರಚಿತ್ತು. ನಾನೇ ಅರಿಶಿನ ಹಚ್ಚಿದ್ದು.”

ಕೈ ನೋಡಿಕೊಂಡೆ. ಗುರುತೇನೂ ಇಲ್ಲ.

ಬಸ್ ನಿಲ್ದಾಣದಲ್ಲಿ ಕಬ್ಬಿನ ಹಾಲು ಕುಡಿದೆ. ಚೆನ್ನಾಗಿತ್ತು.

ಆಗಸ್ಟ್ 20, ಬುಧವಾರ

ನಾಲ್ಕು ಹಸುಗಳನ್ನೂ ಮಾರಿದರು. ಪೊಲೀಸರು ಕೇಸು ಮುಚ್ಚಿಲ್ಲ, ಬಂಧಿಸಿಯೂ ಇಲ್ಲ. ಕರೆದಾಗಲೆಲ್ಲ ಹೋಗಬೇಕು. ಶ್ವೇತ ಮತ್ತು ಹುಡುಗಿ ಶ್ರೀರಂಗಪಟ್ಟಣದ ಹತ್ತಿರ ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿ, ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಾರೆ. ಹದಿನೇಳರ ಹುಡುಗಿಗೆ ದುಡಿಯುವ ಅಭ್ಯಾಸವಾಗುವುದು ಕೆಟ್ಟದ್ದೇನಲ್ಲ.

ಇವತ್ತು ಪುಟ್ಟತಾಯಮ್ಮ ಪಾಂಡವಪುರದ ಮಗಳ ಮನೆಗೆ ಹೊರಟಳು. ಬೀಗ ಹಾಕಿ, ಬೇಲಿಯಿಂದ ಜಾಲಿಮುಳ್ಳಿನ ಕೊಂಬೆ ಎಳೆದು ತಂದು ಬಾಗಿಲಿಗೆ ಅಡ್ಡ ಕಟ್ಟಿದಳು. ಬೆರಳಿಂದ ರಕ್ತ ಬರುತ್ತಿತ್ತು.

“ಈಗ ಯಾಕೆ ಪುಟ್ಟತಾಯಮ್ಮ ಮುಳ್ಳು?” ಎಂದು ಕಾಂಪೌಂಡಿನಿಂದಲೇ ಕೇಳಿದೆ.

ತಿರುಗಿ ನೋಡಲಿಲ್ಲ. “ಅವತ್ತೇ ಕಟ್ಟಿದ್ರೆ ಮೂರು ತಿಂಗ್ಳಿಗೆ ಬಿಚ್ಬೋದಾಗಿತ್ತು” ಎಂದಳು.

ಇಪ್ಪತ್ತೊಂದನೆಯ ಶತಮಾನದಲ್ಲೂ ಬಾಗಿಲಿಗೆ ಮುಳ್ಳು. ಈ ಜನವನ್ನು ತಿದ್ದಲು ಆಗುವುದಿಲ್ಲ. ಭಾಷಣದಲ್ಲಿ ಈ ಉದಾಹರಣೆ ಸೇರಿಸಬೇಕು.

ನವೆಂಬರ್ 9, ಭಾನುವಾರ

ಸಮ್ಮೇಳನ ಚೆನ್ನಾಗಿ ನಡೆಯಿತು. ಗಾಡಿಗೆ ಬಾಳೆಕಂಬ ಕಟ್ಟಿದ್ದರು, ಮುಂದೆ ತಮಟೆ. ನಮ್ಮ ಬೀದಿಯಲ್ಲಿ ಮುಳ್ಳಿನ ಬಾಗಿಲ ಹತ್ತಿರ ಎತ್ತುಗಳು ಯಾಕೋ ಒಂದು ಕ್ಷಣ ನಿಂತವು, ಗಾಡಿಯವನು ಬಾರುಕೋಲಿನಿಂದ ತಿವಿದ. ತಮಟೆಯವರ ಹಿಂದೆ ನಡೆದು ಬರುತ್ತಿದ್ದ ಕುಳ್ಳಯ್ಯ ಅಲ್ಲಿಗೇ ನಿಂತುಬಿಟ್ಟ, ಮುಂದಕ್ಕೆ ಬರಲಿಲ್ಲ. ಕುಡಿದಿದ್ದನೇನೋ.

ಮೂರು ಗಂಟೆಗೆ ಭಾಷಣ ಶುರು. “ಕಂಡದ್ದನ್ನು ಕಂಡಂತೆ ಹೇಳುವವನೇ ನಾಗರಿಕ” ಎಂದಾಗ ದೊಡ್ಡ ಚಪ್ಪಾಳೆ. ಇನ್ನೂ ಐದು ಪುಟ ಉಳಿದಿತ್ತು, ಅಷ್ಟರಲ್ಲಿ ಕರೆಂಟು ಹೋಗಿ ಮೈಕು ಸತ್ತಿತು. ಹಿಂದಿನ ಸಾಲಿನವರು ಎದ್ದು ನಡೆದರು. ವರ್ಷಕ್ಕೊಮ್ಮೆ ನಡೆಯುವ ಕಾರ್ಯಕ್ರಮಕ್ಕೂ ಈ ಗತಿ.

ಬೆಳಗ್ಗೆಯೇ ವಿದ್ಯುತ್ ಕಚೇರಿಗೆ ದೂರು ಬರೆಯುತ್ತೇನೆ. ಕರೆಂಟೇ ಹೋಗಿರಲಿಲ್ಲ ಎಂದು ಅವರು ಸಾಧಿಸಲು ಬರಬಹುದು. ಬರಲಿ. ಹೋದದ್ದು 3.40ಕ್ಕೆ, ಬಂದದ್ದು 5.05ಕ್ಕೆ. ಇಲ್ಲಿ ಬರೆದಿಟ್ಟಿದ್ದೇನೆ. ಕೇಳಿದವರಿಗೆ ಪುಸ್ತಕ ತೆಗೆದು ತೋರಿಸುತ್ತೇನೆ.